ವಿದ್ಯುತ್ ಕಾರು: ಕೊಳ್ಳುವ ಮೊದಲು ಲೆಕ್ಕ ಹಾಕಿರಿ

(ಕಬ್ಬು ಬೆಳೆಗಾರರ ಮೇಳಾವೆಯಲ್ಲಿ ಕಾರಖಾನೆಯ ಕಬ್ಬು ಅಭಿವೃದ್ಧಿ ಅಧಿಕಾರಿಗಳು ಮಾಡಿದ ಭಾಷಣ)



ಕಬ್ಬಿನ ಬಗ್ಗೆ ಮಾತನಾಡಬೇಕಾದ ಅಧಿಕಾರಿ ಕಾರಿನ ಬಗ್ಗೆ ಏಕೆ ಮಾತನಾಡುತ್ತಿದ್ದಾನೆಂದು ನಿಮಗೆ ಅನಿಸಬಹುದು. ಕಾರಣವಿಷ್ಟೆ. ಗಟ್ ಕಚೇರಿಗೆ ಬರುವ ಬೆಳೆಗಾರರು ಮೊದಲು ಬೀಜ, ಗೊಬ್ಬರ, ಕಟಾವಿನ ಪಾಳಿ ಇಷ್ಟನ್ನೇ ಕೇಳುತ್ತಿದ್ದರು. ಈಗ ಹಂಗಾಮಿನ ಬಿಲ್ಲು ಜಮಾ ಆಗುವ ದಿನಗಳಲ್ಲಿ "ಸಾಹೇಬ್ರ, ಕರೆಂಟಿನ ಕಾರು ತಗೊಂಡ್ರ ಹ್ಯಾಂಗ?" ಎಂದೂ ಕೇಳುತ್ತಾರೆ. ಕಬ್ಬಿನ ಬಿಲ್ಲು ಬಂದ ವಾರವೇ ಕಾರು ಮಾರುವವರ ಡೇರೆ ಊರಿನ ಸಂತೆಯಲ್ಲಿ ಬೀಳುವುದನ್ನೂ ನೀವು ನೋಡಿದ್ದೀರಿ. ಒಂದು ವರ್ಷದ ದುಡಿಮೆ ಒಂದು ಮಧ್ಯಾಹ್ನದಲ್ಲಿ ಕೈಬಿಟ್ಟು ಹೋಗುವ ಮಾತು ಇದು. ಆದುದರಿಂದ ಕಾರು ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆಯನ್ನು ಬದಿಗಿಟ್ಟು, ಯಾರಿಗೆ ಅದು ಲಾಭದ್ದು, ಯಾರಿಗೆ ಅಲ್ಲ ಎಂಬುದನ್ನು ಲೆಕ್ಕದಿಂದ ನೋಡೋಣ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ವಿದ್ಯುತ್ ಕಾರು ಕೊಳ್ಳಲು ತುಟ್ಟಿ, ಓಡಿಸಲು ಅಗ್ಗ. ಕೊಳ್ಳುವಾಗ ಕೊಟ್ಟ ಹೆಚ್ಚಿನ ಹಣವನ್ನು ಅದು ಓಡಿಯೇ ತೀರಿಸಬೇಕು. ನಿಂತ ಕಾರು ಒಂದು ಪೈಸೆಯನ್ನೂ ತೀರಿಸುವುದಿಲ್ಲ. ಆದ್ದರಿಂದ ಕಂಪನಿ ಯಾವುದು, ಬಣ್ಣ ಯಾವುದು ಎಂದು ಕೇಳುವ ಮೊದಲು ನೀವು ದಿನಕ್ಕೆ ಎಷ್ಟು ಕಿಲೋಮೀಟರ್ ತಿರುಗುತ್ತೀರಿ ಎಂಬುದನ್ನು ಬರೆದಿಟ್ಟುಕೊಳ್ಳಿರಿ. ಒಂದು ತಿಂಗಳು ಬರೆದರೆ ಸಾಕು. ಬಾಯಿಲೆಕ್ಕ ಬೇಡ, ಬಾಯಿಲೆಕ್ಕದಲ್ಲಿ ಎಲ್ಲರೂ ದಿನಕ್ಕೆ ಐವತ್ತು ಕಿಲೋಮೀಟರ್ ತಿರುಗುತ್ತಾರೆ, ಎಲ್ಲರೂ ಎಕರೆಗೆ ಅರವತ್ತು ಟನ್ನು ಬೆಳೆಯುತ್ತಾರೆ.

ಈಗ ಲೆಕ್ಕ. ಒಂದೇ ಅಳತೆಯ ಎರಡು ಗಾಡಿಗಳನ್ನು ಹಿಡಿಯೋಣ. ಪೆಟ್ರೋಲ್ ಗಾಡಿಗೆ ಶೋರೂಮಿನ ಬೆಲೆ 7 ಲಕ್ಷ, ವಿದ್ಯುತ್ ಗಾಡಿಗೆ 10 ಲಕ್ಷ ಎನ್ನೋಣ. ಮಹಾರಾಷ್ಟ್ರದಲ್ಲಿ 10 ಲಕ್ಷದೊಳಗಿನ ಖಾಸಗಿ ಪೆಟ್ರೋಲ್ ಕಾರಿಗೆ ನೂರಕ್ಕೆ 11ರಂತೆ ರಸ್ತೆ ತೆರಿಗೆ ಬೀಳುತ್ತದೆ. ಅಂದರೆ 77,000 ರೂಪಾಯಿ. ವಿದ್ಯುತ್ ಗಾಡಿಗೆ ಈ ತೆರಿಗೆ ಮಾಫಿ ಇದೆ. ಹಾಗಾಗಿ ನಿಜವಾದ ಅಂತರ 3 ಲಕ್ಷವಲ್ಲ, 2,23,000 ರೂಪಾಯಿ. ಇದನ್ನು ಕಬ್ಬಿನಲ್ಲಿ ಅಳೆದು ನೋಡಿರಿ. 2025-26ರ ಹಂಗಾಮಿಗೆ ಕೇಂದ್ರ ಸರಕಾರ ನಿಗದಿ ಮಾಡಿದ ದರ 10.25 ಇಳುವರಿಗೆ ಕ್ವಿಂಟಲಿಗೆ 355 ರೂಪಾಯಿ. ಕಟಾವು ಮತ್ತು ಸಾಗಾಣಿಕೆ ಕಳೆದು ಕೈಗೆ ಟನ್ನಿಗೆ 2,700 ಉಳಿಯಿತೆಂದು ಹಿಡಿದರೆ, ಈ ಅಂತರ ಸುಮಾರು 83 ಟನ್ನು ಕಬ್ಬು. ಎಕರೆಗೆ 40 ಟನ್ನು ಬೆಳೆಯುವವರಿಗೆ ಎರಡು ಎಕರೆಯ ಇಡೀ ಬೆಳೆ, ಅದೂ ಗೊಬ್ಬರ ಆಳಿನ ಖರ್ಚು ಕಳೆಯದೆ. ಪೂರ್ತಿ ಕಾರಿನ ಬೆಲೆಯಲ್ಲ, ಬರಿಯ ಅಂತರ.

ಈ ಅಂತರವನ್ನು ಗಾಡಿ ಹೇಗೆ ತೀರಿಸುತ್ತದೆ? ಪೆಟ್ರೋಲ್ ಲೀಟರಿಗೆ 105 ರೂಪಾಯಿ, ಗಾಡಿ ಲೀಟರಿಗೆ 15 ಕಿಲೋಮೀಟರ್ ಕೊಡುತ್ತದೆ ಎಂದರೆ ಕಿಲೋಮೀಟರಿಗೆ 7 ರೂಪಾಯಿ. ವಿದ್ಯುತ್ ಗಾಡಿ ಬ್ಯಾಟರಿಯ ಒಂದು ಯೂನಿಟ್ಟಿಗೆ ಏಳು ಕಿಲೋಮೀಟರ್ ಓಡೀತು. ಆದರೆ ಮೀಟರಿನಿಂದ ಬ್ಯಾಟರಿಗೆ ಹೋಗುವಾಗ ಸ್ವಲ್ಪ ಸೋರಿಕೆ ಇದ್ದೇ ಇದೆ, ಆದ್ದರಿಂದ ಮೀಟರಿನ ಒಂದು ಯೂನಿಟ್ಟಿಗೆ 6 ಎಂದೇ ಹಿಡಿಯಿರಿ. ಯೂನಿಟ್ಟಿಗೆ 10 ರೂಪಾಯಿ ಬಿದ್ದರೆ ಕಿಲೋಮೀಟರಿಗೆ ಸುಮಾರು 1 ರೂಪಾಯಿ 70 ಪೈಸೆ. ಉಳಿತಾಯ 5 ರೂಪಾಯಿ 30 ಪೈಸೆ. 2,23,000ವನ್ನು 5.30ರಿಂದ ಭಾಗಿಸಿರಿ: 42,000 ಕಿಲೋಮೀಟರ್ ಓಡಿದ ಮೇಲೆ ಎರಡೂ ಗಾಡಿ ಸರಿಸಮ.

ಇಷ್ಟಕ್ಕೆ ನಿಲ್ಲಿಸುವ ಲೆಕ್ಕ ಮಾರುವವರ ಲೆಕ್ಕ. ನಮ್ಮಲ್ಲಿ ಬಹುಮಂದಿ ಸಾಲದ ಮೇಲೆ ಕೊಳ್ಳುತ್ತಾರೆ. ಆ ಹೆಚ್ಚಿನ 2,23,000ಕ್ಕೆ ನೂರಕ್ಕೆ 9ರಂತೆ ಐದು ವರ್ಷದ ಸಾಲ ತೆಗೆದರೆ ತಿಂಗಳ ಕಂತು ಸುಮಾರು 4,630, ಬಡ್ಡಿಯೇ 54,000ದ ಮೇಲೆ. ಅದನ್ನು ಕೂಡಿಸಿದರೆ 42,000 ಕಿಲೋಮೀಟರ್ ಹೋಗಿ 52,000 ದಾಟುತ್ತದೆ.

ಈಗ ನಿಮ್ಮ ಊರಿನ ಇಬ್ಬರನ್ನು ಕಣ್ಣ ಮುಂದೆ ತಂದುಕೊಳ್ಳಿರಿ. ಒಬ್ಬರ ಮನೆಯಲ್ಲಿ ಮಗನೋ ಸೊಸೆಯೋ ನೌಕರಿಗೆ ಅಕ್ಕಲಕೋಟೆಯಿಂದ ಸೋಲಾಪುರಕ್ಕೆ ದಿನಾಲೂ ಹೋಗಿಬರುತ್ತಾರೆ. ಹೋಗಿಬರುವುದಕ್ಕೆ 80 ಕಿಲೋಮೀಟರ್, ವರ್ಷಕ್ಕೆ 300 ದಿನ, ಒಟ್ಟು 24,000. ಇವರಿಗೆ ಬಡ್ಡಿಸಹಿತ ಅಂತರ ಎರಡೂಕಾಲು ವರ್ಷದಲ್ಲಿ ತೀರುತ್ತದೆ. ಆಮೇಲೆ ವರ್ಷಕ್ಕೆ ಲಕ್ಷದ ಮೇಲೆ ಉಳಿಯುತ್ತದೆ. ಇವರು ಕೊಳ್ಳದಿದ್ದರೇ ನಷ್ಟ. ಇನ್ನೊಬ್ಬರು ಊರಿಂದ ಹೊಲದ ವಸ್ತಿಗೆ, ವಾರಕ್ಕೊಮ್ಮೆ ಸಂತೆಗೆ, ಹುಣ್ಣಿಮೆ ಅಮಾವಾಸ್ಯೆಗೆ ದೇವರಿಗೆ, ಮದುವೆ ಮುಂಜಿಗೆ ಓಡಿಸುವವರು. ಸರಾಸರಿ ದಿನಕ್ಕೆ 15 ಕಿಲೋಮೀಟರ್ ಎಂದರೂ ವರ್ಷಕ್ಕೆ 4,500. ಇವರ ಅಂತರ ತೀರಲು ಹನ್ನೊಂದೂವರೆ ವರ್ಷ ಬೇಕು. ಬ್ಯಾಟರಿಗೆ ಸಾಮಾನ್ಯವಾಗಿ ಕೊಡುವ ಗ್ಯಾರಂಟಿ 8 ವರ್ಷ ಅಥವಾ 1,60,000 ಕಿಲೋಮೀಟರ್, ಯಾವುದು ಮೊದಲೋ ಅದು. ಅಂದರೆ ಇವರ ಗ್ಯಾರಂಟಿ ಮುಗಿದ ಮೇಲೂ ಅಂತರ ತೀರಿರುವುದಿಲ್ಲ. ಎಂಟು ವರ್ಷದೊಳಗೆ ತೀರಬೇಕಾದರೆ ವರ್ಷಕ್ಕೆ 300 ದಿನದಂತೆ ದಿನಕ್ಕೆ ಸುಮಾರು 22 ಕಿಲೋಮೀಟರ್ ಓಡಲೇಬೇಕು. ನಿಮ್ಮ ವಹಿಯಲ್ಲಿಯ ಅಂಕಿ ಇದಕ್ಕಿಂತ ಮೇಲೋ ಕೆಳಗೋ ನೋಡಿರಿ. ಗಾಡಿಯ ಬೆಲೆ, ಪೆಟ್ರೋಲಿನ ದರ ಬೇರೆ ಇದ್ದರೆ ಅಂಕಿ ಬದಲಿಸಿರಿ. ಲೆಕ್ಕದ ದಾರಿ ಇದೇ.

ಕಂಪನಿಯವರು ಬರೆದ ಕಿಲೋಮೀಟರಿನ ಬಗ್ಗೆ ಒಂದು ಮಾತು. 2022ರಲ್ಲಿ ಟಾಟಾ ಟಿಯಾಗೋ ವಿದ್ಯುತ್ ಗಾಡಿ ಬಂದಾಗ 24 ಯೂನಿಟ್ಟಿನ ಬ್ಯಾಟರಿಗೆ 315 ಕಿಲೋಮೀಟರ್ ಎಂದು ಪರೀಕ್ಷೆಯ ಅಂಕಿ ಹೇಳಿದ್ದರು. ಅದು ಸುಳ್ಳಲ್ಲ. ಪಾಡೆಗಾಂವದ ಸಂಶೋಧನಾ ಕೇಂದ್ರದ ಪ್ಲಾಟಿನಲ್ಲಿ ಕೋ 86032 ಕೊಟ್ಟ ಇಳುವರಿಯೂ ಸುಳ್ಳಲ್ಲ. ಆದರೆ ನಮ್ಮ ಚೌಳು ಹೊಲದಲ್ಲಿ, ಪಾಳಿಯ ನೀರಿನಲ್ಲಿ ಎಷ್ಟು ಬಂತು ಎಂಬುದು ನಮಗೆ ಗೊತ್ತಿದೆ. ಯೂನಿಟ್ಟಿಗೆ ಏಳರಂತೆ ಹಿಡಿದರೆ 24 ಯೂನಿಟ್ಟಿಗೆ 168. ಸೋಲಾಪುರದ ಮೇ ತಿಂಗಳ ಬಿಸಿಲಿನಲ್ಲಿ ಎ.ಸಿ. ಹಾಕಿ ಐದು ಮಂದಿ ಕುಳಿತರೆ ಇನ್ನೂ ಕಡಿಮೆ. ಅಕ್ಕಲಕೋಟೆ, ಸೋಲಾಪುರ, ತುಳಜಾಪುರದ ಓಡಾಟಕ್ಕೆ ಇದು ಧಾರಾಳ ಸಾಕು. ಪುಣೆಗೆ ಸೋಲಾಪುರದಿಂದಲೇ ಸುಮಾರು 250 ಕಿಲೋಮೀಟರ್. ಸಣ್ಣ ಬ್ಯಾಟರಿಯ ಗಾಡಿಗೆ ದಾರಿಯಲ್ಲಿ ಚಾರ್ಜು ಮಾಡುವುದು ತಪ್ಪಿದ್ದಲ್ಲ. ಹೆದ್ದಾರಿಯ ಶೀಘ್ರ ಚಾರ್ಜಿನ ಕೇಂದ್ರಗಳಲ್ಲಿ ಯೂನಿಟ್ಟಿಗೆ 20 ರೂಪಾಯಿ ಬಿದ್ದರೆ ಕಿಲೋಮೀಟರಿಗೆ 3 ರೂಪಾಯಿ ಸಮೀಪ ಬರುತ್ತದೆ. ಮನೆಯಲ್ಲಿ ಚಾರ್ಜು ಮಾಡುವವರಿಗೇ ಈ ಗಾಡಿಯ ಪೂರ್ಣ ಲಾಭ.

ಸರಕಾರದ ಸವಲತ್ತುಗಳ ವಿಷಯಕ್ಕೆ ಬರೋಣ. "ಸಬ್ಸಿಡಿ ಐತಿ" ಎಂಬ ಮಾತು ಊರೂರಲ್ಲಿ ತಿರುಗುತ್ತಿದೆ. ಇದರಲ್ಲಿ ಕಾಳೆಷ್ಟು ಜೊಳ್ಳೆಷ್ಟು ಎಂದು ತೂರಿ ನೋಡಬೇಕು. ಕೇಂದ್ರ ಸರಕಾರದ ಫೇಮ್ ಎರಡನೆಯ ಯೋಜನೆ 2019ರ ಏಪ್ರಿಲ್‌ನಿಂದ 2024ರ ಮಾರ್ಚ್ 31ರ ವರೆಗೆ ನಡೆಯಿತು. ಅದರಲ್ಲಿ ಕಾರಿಗೆ ಸಹಾಯ ಸಿಕ್ಕದ್ದು ಬಾಡಿಗೆ ಓಡಿಸುವವರಿಗೆ ಮಾತ್ರ, ಖಾಸಗಿ ಕಾರಿಗಲ್ಲ. ಆಮೇಲೆ 2024ರ ಅಕ್ಟೋಬರದಲ್ಲಿ ಆರಂಭವಾದ ಪಿ.ಎಂ. ಇ-ಡ್ರೈವ್ ಯೋಜನೆಯಲ್ಲಿ ಕಾರುಗಳ ಹೆಸರೇ ಇಲ್ಲ. ಕೇಂದ್ರದಿಂದ ಖಾಸಗಿ ಕಾರಿಗೆ ಸಿಗುವ ನಿಜವಾದ ಉಪಕಾರವೆಂದರೆ ಜಿ.ಎಸ್.ಟಿ. ನೂರಕ್ಕೆ 5. ಇದು 2019ರ ಆಗಸ್ಟ್ 1ರಂದು 12ರಿಂದ 5ಕ್ಕೆ ಇಳಿಯಿತು. ಆದರೆ 2025ರ ಸಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರಿನ ಜಿ.ಎಸ್.ಟಿ.ಯೂ 28ರಿಂದ 18ಕ್ಕೆ ಇಳಿಯಿತು, ಮೇಲಿನ ಸೆಸ್ಸೂ ಹೋಯಿತು. ಅಂದರೆ ಎರಡರ ನಡುವಿನ ಅಂತರ ವಿದ್ಯುತ್ ಗಾಡಿಗೆ ಪ್ರತಿಕೂಲವಾಗಿ ಹೆಚ್ಚಿತು. ಅದಕ್ಕಿಂತ ಮೊದಲು ಯಾರೋ ನಿಮಗೆ ಹಾಕಿಕೊಟ್ಟ ಲೆಕ್ಕ ಈಗ ಉಪಯೋಗಕ್ಕಿಲ್ಲ, ಹೊಸದಾಗಿ ಹಾಕಿರಿ.

ರಾಜ್ಯದ ಸಂಗತಿ ಬೇರೆ. ಮಹಾರಾಷ್ಟ್ರದ 2021ರ ಧೋರಣೆಯಲ್ಲಿ ಮೊದಲ 10,000 ಕಾರುಗಳಿಗೆ ಬ್ಯಾಟರಿಯ ಪ್ರತಿ ಯೂನಿಟ್ ಸಾಮರ್ಥ್ಯಕ್ಕೆ 5,000ದಂತೆ ಒಂದೂವರೆ ಲಕ್ಷದ ವರೆಗೆ ಸಹಾಯವಿತ್ತು. ನಿಮ್ಮ ಬೀಗರು ಪಡೆದದ್ದು ಅದೇ ಇದ್ದೀತು. ಆ ಧೋರಣೆ 2025ರ ಮಾರ್ಚ್ 31ಕ್ಕೆ ಮುಗಿಯಿತು. ಹೊಸ ಧೋರಣೆ 2030ರ ಮಾರ್ಚ್ 31ರ ವರೆಗಿನದು. ಇದರಲ್ಲಿ ರಸ್ತೆ ತೆರಿಗೆ ಮತ್ತು ನೋಂದಣಿ ಶುಲ್ಕದ ಮಾಫಿಯೇ ನಮಗೆ ದೊಡ್ಡದು. ಬೆಲೆಯಲ್ಲಿ ರಿಯಾಯಿತಿಯ ಮಾತು ಬಂದರೆ ಅದಕ್ಕೆ ಸಂಖ್ಯೆಯ ಮಿತಿ, ಬೆಲೆಯ ಮಿತಿ ಇರುತ್ತದೆ. ಆದ್ದರಿಂದ ವಿತರಕರು "ಆಮೇಲೆ ನಿಮ್ಮ ಖಾತೆಗೆ ಬರ್ತದ" ಎಂದರೆ ಲೆಕ್ಕಕ್ಕೆ ಹಿಡಿಯಬೇಡಿರಿ. ಬಿಲ್ಲಿನಲ್ಲಿ ಕಳೆದು ತೋರಿಸಿದರೆ ಮಾತ್ರ ಹಿಡಿಯಿರಿ. ಬರಬೇಕಾದ ಹಣ ಮತ್ತು ಬಂದ ಹಣ ಎರಡೂ ಬೇರೆ ಎಂಬುದನ್ನು ಕಬ್ಬು ಬೆಳೆಗಾರರಿಗೆ ನಾನು ಹೇಳಿಕೊಡಬೇಕಾಗಿಲ್ಲ.

ಟೋಲ್ ಮಾಫಿಯೂ ಇದೆ. ಮುಂಬಯಿ-ಪುಣೆ ದ್ರುತಗತಿ ಮಾರ್ಗ, ಸಮೃದ್ಧಿ ಮಹಾಮಾರ್ಗ, ಅಟಲ್ ಸೇತು ಈ ಮೂರರಲ್ಲಿ 2025ರ ಆಗಸ್ಟದಿಂದ ವಿದ್ಯುತ್ ಕಾರಿಗೆ ಟೋಲ್ ಬಿಟ್ಟಿದ್ದಾರೆ. ಕೇಳಲು ಸೊಗಸು. ಆದರೆ ನಾವು ದಾಟುವುದು ಸಾವಳೇಶ್ವರ, ವರವಡೆ ನಾಕೆಗಳನ್ನು. ಅದು ಕೇಂದ್ರದ ಹೆದ್ದಾರಿ, ಅಲ್ಲಿ ಈ ಮಾಫಿ ಇಲ್ಲ.

ಆದಾಯ ತೆರಿಗೆಯ ವಿನಾಯಿತಿಯ ಮಾತೂ ಇಷ್ಟೇ. ವಿದ್ಯುತ್ ಗಾಡಿಯ ಸಾಲದ ಬಡ್ಡಿಗೆ ವರ್ಷಕ್ಕೆ ಒಂದೂವರೆ ಲಕ್ಷದ ವರೆಗೆ ವಜಾ ಇತ್ತು. ಆದರೆ ಅದು 2019ರ ಏಪ್ರಿಲ್ 1ರಿಂದ 2023ರ ಮಾರ್ಚ್ 31ರ ಒಳಗೆ ಮಂಜೂರಾದ ಸಾಲಕ್ಕೆ. ಇದ್ದಾಗಲೂ ಕೇವಲ ಒಕ್ಕಲುತನದ ಮೇಲೆ ಬದುಕುವವರಿಗೆ ಅದರಿಂದ ಏನೂ ಪ್ರಯೋಜನವಿರಲಿಲ್ಲ. ಒಕ್ಕಲುತನದ ಉತ್ಪನ್ನಕ್ಕೆ ಆದಾಯ ತೆರಿಗೆಯೇ ಇಲ್ಲದಿರುವಾಗ ಯಾವುದರಲ್ಲಿ ವಜಾ ಮಾಡುವುದು? ಪೇಟೆಯ ಪಗಾರದವನಿಗೆ ಹೊಲಿದ ಅಂಗಿ ಅದು. ಥರ್ಡ್ ಪಾರ್ಟಿ ವಿಮೆಯ ಕಂತಿನಲ್ಲಿ ನೂರಕ್ಕೆ 15ರಷ್ಟು ರಿಯಾಯಿತಿಯನ್ನು 2022ರ ನಿಯಮಗಳಲ್ಲಿ ಕೊಟ್ಟಿದ್ದಾರೆ, ಅದು ಸಣ್ಣ ಮೊತ್ತ. ಇನ್ನು ಕೆಲವರು ಇಂಡಿ, ಆಳಂದ, ಅಫಜಲಪುರದ ನೆಂಟರ ವಿಳಾಸದಲ್ಲಿ ಗಾಡಿ ಬರೆಸಿದರೆ ಹೇಗೆ ಎನ್ನುತ್ತಾರೆ. ಗಾಡಿ ನಿಲ್ಲುವುದು ನಮ್ಮ ಅಂಗಳದಲ್ಲಿ. ಹನ್ನೆರಡು ತಿಂಗಳ ಮೇಲೆ ಇಲ್ಲಿ ಇಟ್ಟರೆ ಇಲ್ಲಿಯ ನಂಬರು ಮಾಡಿಸಲೇಬೇಕು. ಸುಮ್ಮನೆ ಎರಡು ಸಲ ಆರ್.ಟಿ.ಓ. ಕಚೇರಿಯ ಮೆಟ್ಟಿಲು ಹತ್ತುವ ಕೆಲಸ.

ಚಾರ್ಜು ಮಾಡುವ ವಿಷಯದಲ್ಲಿ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕಾಗಿದೆ. ಇಲ್ಲಿ ಎಡವಿದರೆ ಹಣವಷ್ಟೇ ಅಲ್ಲ, ಜೀವದ ಪ್ರಶ್ನೆ. ಪಂಪಿನ ಕರೆಂಟು ಪುಕ್ಕಟೆ ಇರುವಾಗ ಕಾರಿಗೂ ಅದನ್ನೇ ಹಚ್ಚಿದರಾಯಿತು ಎನ್ನುವ ಜಾಣರು ಇದ್ದಾರೆ. 7.5 ಅಶ್ವಶಕ್ತಿಯ ವರೆಗಿನ ಕೃಷಿ ಪಂಪಿಗೆ ರಾಜ್ಯ ಸರಕಾರ 2024ರ ಏಪ್ರಿಲ್‌ನಿಂದ ಬಿಲ್ಲು ಬಿಟ್ಟಿರುವುದು ನೀರೆತ್ತುವುದಕ್ಕಾಗಿ. ಬೇರೆ ಕೆಲಸಕ್ಕೆ ಬಳಸಿದರೆ 2003ರ ವಿದ್ಯುತ್ ಕಾಯ್ದೆಯ 126ನೆಯ ಕಲಮಿನ ಪ್ರಕಾರ ಅದು ಅನಧಿಕೃತ ಬಳಕೆ. ಅನ್ವಯವಾಗುವ ದರದ ಎರಡು ಪಟ್ಟು ಆಕರಣೆ ಬೀಳುತ್ತದೆ. ಅದೂ ಅಲ್ಲದೆ ಪಂಪಿನ ಲೈನು ಪಾಳಿಯ ಮೇಲೆ ಬರುತ್ತದೆ, ವೋಲ್ಟೇಜಿನ ಏರಿಳಿತ ನಿಮಗೆ ಗೊತ್ತೇ ಇದೆ. ಸುಟ್ಟ ಮೋಟಾರು ಎಷ್ಟು ಸಲ ಕಟ್ಟಿಸಿದ್ದೀರಿ ನೆನೆಯಿರಿ. ಕಾರಿನ ಚಾರ್ಜರನ್ನು ಆ ಲೈನಿಗೆ ಒಡ್ಡಬೇಡಿರಿ.

ಮನೆಯ ಮೀಟರಿನಿಂದ ಚಾರ್ಜು ಮಾಡಲು ಅಡ್ಡಿಯಿಲ್ಲ, ಬೇರೆ ಪರವಾನಿಗೆ ಬೇಡ. ಆದರೆ ಮಂಜೂರಾದ ಲೋಡು ಎಷ್ಟಿದೆ ನೋಡಿ, ಕಡಿಮೆ ಇದ್ದರೆ ಮಹಾವಿತರಣಕ್ಕೆ ಅರ್ಜಿ ಕೊಟ್ಟು ಹೆಚ್ಚಿಸಿಕೊಳ್ಳಿರಿ. 15 ಆಂಪಿಯರಿನ ಸಾದಾ ಪ್ಲಗ್ಗಿನಲ್ಲಿ 24 ಯೂನಿಟ್ಟಿನ ಬ್ಯಾಟರಿ ತುಂಬಲು ಎಂಟು ಒಂಬತ್ತು ತಾಸು ಬೇಕು. ಅಷ್ಟು ಹೊತ್ತು ಎಡೆಬಿಡದೆ ಬಿಸಿಯಾಗುವ ತಂತಿ ಅದು. ಆದ್ದರಿಂದ ಮೀಟರಿನಿಂದ ನೇರವಾಗಿ ಬೇರೆ ದಪ್ಪ ತಂತಿ, ಬೇರೆ ಎಂ.ಸಿ.ಬಿ., ಶಾಕ್ ಹೊಡೆಯುವ ಮೊದಲೇ ಲೈನು ಕಡಿಯುವ ಆರ್.ಸಿ.ಸಿ.ಬಿ. ಬೇಕೇ ಬೇಕು. ಎಲ್ಲಕ್ಕೂ ಮೊದಲು ಅರ್ಥಿಂಗು. ನಮ್ಮ ಕಡೆ ಅರ್ಥಿಂಗಿನ ತಗ್ಗು ಮನೆ ಕಟ್ಟಿದ ವರ್ಷ ತೋಡಿದ್ದು, ಆಮೇಲೆ ಯಾರೂ ನೀರು ಹಾಕಿದ್ದಿಲ್ಲ. ಬೇಸಿಗೆಯಲ್ಲಿ ಎರೆ ಭೂಮಿ ಬಿರಿದು ಒಣಗಿದಾಗ ಆ ಅರ್ಥಿಂಗು ಹೆಸರಿಗೆ ಮಾತ್ರ. ಹೊಸ ತಗ್ಗು ತೆಗೆಸಿ, ಅಳೆಯಿಸಿ, ಆಮೇಲೆ ಗಾಡಿ ತರಿಸಿರಿ. ಎಕ್ಸ್‌ಟೆನ್ಶನ್ ಬೋರ್ಡು ಎಳೆದು ಅಂಗಳದಲ್ಲಿ ಚಾರ್ಜು ಹಚ್ಚುವುದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಮಕ್ಕಳು ಆಡುವ ಅಂಗಳ ಅದು.

ಬಿಲ್ಲಿನ ಲೆಕ್ಕದಲ್ಲಿಯೂ ಒಂದು ಸೂಕ್ಷ್ಮವಿದೆ. ದಿನಕ್ಕೆ 50 ಕಿಲೋಮೀಟರ್ ಓಡಿದರೆ ತಿಂಗಳಿಗೆ ಇಪ್ಪತ್ತೈದು ದಿನಕ್ಕೆ ಸುಮಾರು 210 ಯೂನಿಟ್. ಇದು ನಿಮ್ಮ ಮನೆಯ ಯೂನಿಟ್ಟಿನ ಮೇಲೆ ಕುಳಿತುಕೊಳ್ಳುತ್ತದೆ. ಮಹಾವಿತರಣದ ಮನೆಬಳಕೆಯ ದರ 100 ಯೂನಿಟ್ಟಿನ ವರೆಗೆ ಒಂದು, 300ರ ವರೆಗೆ ಇನ್ನೊಂದು, 500ರ ವರೆಗೆ ಮತ್ತೊಂದು. 90 ಯೂನಿಟ್ ಬಳಸುತ್ತಿದ್ದ ಮನೆ ಒಮ್ಮೆಲೇ 300ಕ್ಕೆ ಹೋಗುತ್ತದೆ. ಕಾರಿನ ಯೂನಿಟ್ಟಿಗೆ ಬೀಳುವುದು ಮೇಲಿನ ಹಂತದ ದರ, ಕೆಳಗಿನದಲ್ಲ. ನಿಮ್ಮ ಬಿಲ್ಲಿನ ಹಿಂದೆ ಮುಂದೆ ನೋಡಿ ಆ ದರವನ್ನೇ ಲೆಕ್ಕಕ್ಕೆ ಹಿಡಿಯಿರಿ.

ಮಾಳಿಗೆಯ ಮೇಲೆ ಸೌರ ಫಲಕ ಹಾಕಿಸುವವರಿಗೆ 2024ರಲ್ಲಿ ಆರಂಭವಾದ ಪಿ.ಎಂ. ಸೂರ್ಯಘರ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಹಾಯಧನವಿದೆ. ನಮ್ಮ ಬಿಸಿಲಿಗೆ 3 ಕಿಲೋವ್ಯಾಟು ದಿನಕ್ಕೆ ಸರಾಸರಿ 12 ಯೂನಿಟ್ ಕೊಟ್ಟೀತು; 70 ಕಿಲೋಮೀಟರಿನ ಓಡಾಟಕ್ಕೆ ಸಾಕು. ಹಗಲು ಗ್ರಿಡ್ಡಿಗೆ ಕೊಟ್ಟು ರಾತ್ರಿ ತೆಗೆದುಕೊಳ್ಳುವ ನೆಟ್ ಮೀಟರಿನ ವ್ಯವಸ್ಥೆ ಇದಕ್ಕೆ ಒಳ್ಳೆಯದು. ಒಂದೇ ಎಚ್ಚರ: ಸೌರ ಫಲಕದ ಉಳಿತಾಯವನ್ನು ಕಾರಿನ ಲಾಭವೆಂದು ಎಣಿಸಬೇಡಿರಿ. ಕಾರು ಕೊಳ್ಳದೆಯೂ ಫಲಕ ಹಾಕಿಸಬಹುದು. ಬಹಳ ಮಂದಿಗೆ ಅದೇ ಮೊದಲು ಮಾಡಬೇಕಾದ ಕೆಲಸ.

ಬ್ಯಾಟರಿಯ ಭಯ ಹಿರಿಯರಲ್ಲಿ ಹೆಚ್ಚು. 2001ರಲ್ಲಿ ಬೆಂಗಳೂರಿನಲ್ಲಿ ಚೇತನ್ ಮೈನಿಯವರ ರೇವಾ ಗಾಡಿ ಬಂದಾಗ ಅದರಲ್ಲಿದ್ದದ್ದು ಸೀಸದ ಬ್ಯಾಟರಿ, ಟ್ರ್ಯಾಕ್ಟರಿನ ಬ್ಯಾಟರಿಯ ಜಾತಿಯದೇ. ಈಗ ಬರುವ ಲಿಥಿಯಂ ಬ್ಯಾಟರಿ ಅದಕ್ಕಿಂತ ಬಹಳ ಹೆಚ್ಚು ಬಾಳುತ್ತದೆ. ಆದರೂ ಶಾಖ ಅದರ ಶತ್ರು. 43, 44 ಡಿಗ್ರಿಯ ಬಿಸಿಲಿನಲ್ಲಿ ಪೂರ್ತಿ ತುಂಬಿದ ಗಾಡಿಯನ್ನು ಬಯಲಲ್ಲಿ ನಿಲ್ಲಿಸಬೇಡಿರಿ, ಬೇವಿನ ನೆರಳಾದರೂ ಇರಲಿ. ಗ್ಯಾರಂಟಿಯ ಕಾಗದದಲ್ಲಿ ಎಷ್ಟು ಶಕ್ತಿ ಉಳಿದರೆ ಬ್ಯಾಟರಿ ಬದಲಿಸುತ್ತಾರೆ, ಗಾಡಿ ಮಾರಿದರೆ ಎರಡನೆಯ ಮಾಲೀಕರಿಗೆ ಆ ಗ್ಯಾರಂಟಿ ಹೋಗುತ್ತದೆಯೇ ಎಂಬ ಎರಡು ಸಾಲುಗಳನ್ನು ಓದಿಸಿಕೊಳ್ಳಿರಿ. ಸೆಕೆಂಡ್ ಹ್ಯಾಂಡ್ ಕೊಳ್ಳುವವರಂತೂ ಬ್ಯಾಟರಿಯ ತಪಾಸಣೆಯ ವರದಿ ಇಲ್ಲದೆ ಮುಂಗಡ ಕೊಡಬಾರದು. 2025ರ ಸಪ್ಟೆಂಬರದಲ್ಲಿ ಸೀನಾ ನದಿಗೆ ಮಹಾಪೂರ ಬಂದದ್ದನ್ನು ನೀವು ಮರೆತಿಲ್ಲ; ಬ್ಯಾಟರಿಯ ಪೆಟ್ಟಿಗೆ ನೀರು ತಡೆಯುವಂತೆ ಮಾಡಿರುತ್ತಾರೆ ನಿಜ, ಆದರೆ ನೀರಲ್ಲಿ ಮುಳುಗಿದ್ದ ಗಾಡಿಯನ್ನು ತಪಾಸಣೆಯಿಲ್ಲದೆ ಚಾರ್ಜಿಗೆ ಹಚ್ಚಬಾರದು.

ಬ್ಯಾಟರಿಯನ್ನು ಬಾಡಿಗೆಗೆ ಕೊಡುವ ಪದ್ಧತಿಯೂ ಬಂದಿದೆ. 2024ರ ಸಪ್ಟೆಂಬರದಲ್ಲಿ ಎಂ.ಜಿ. ವಿಂಡ್ಸರ್ ಗಾಡಿಯನ್ನು 9.99 ಲಕ್ಷಕ್ಕೆ ಕೊಟ್ಟು, ಬ್ಯಾಟರಿಗೆ ಕಿಲೋಮೀಟರಿಗೆ 3 ರೂಪಾಯಿ 50 ಪೈಸೆ ಬಾಡಿಗೆ ಎಂದರು. ಬೆಲೆ ಇಳಿದಂತೆ ಕಾಣುತ್ತದೆ. ಆದರೆ 3.50ಕ್ಕೆ ಕರೆಂಟಿನ 1.70 ಕೂಡಿಸಿರಿ, 5 ರೂಪಾಯಿ 20 ಪೈಸೆ ಆಯಿತು. ಪೆಟ್ರೋಲಿನ 7ರ ಎದುರು ಉಳಿದದ್ದು 1 ರೂಪಾಯಿ 80 ಪೈಸೆ.

"ಎಲ್ಲರೂ ಕರೆಂಟಿನ ಗಾಡಿ ತಗೊಂಡ್ರ ನಮ್ಮ ಇಥೆನಾಲ್ ಯಾರು ಕೊಳ್ಳಬೇಕು?" ಎಂದು ಮೊನ್ನೆ ಒಬ್ಬ ಸಭಾಸದರು ಕೇಳಿದರು. ಯೋಗ್ಯ ಪ್ರಶ್ನೆ. ಇಂದಿನ ಪೆಟ್ರೋಲಿನಲ್ಲಿ ನೂರಕ್ಕೆ 20 ಇಥೆನಾಲ್; ಒಂದು ಟನ್ನು ಕಬ್ಬಿನ ಹಾಲಿನಿಂದ ಸುಮಾರು 70 ಲೀಟರು ಆಗುತ್ತದೆ. ಹಾಗೆಂದು ಪೆಟ್ರೋಲ್ ಗಾಡಿಯನ್ನೇ ಕೊಳ್ಳಿರಿ ಎಂದು ನಾನು ಹೇಳಲಾರೆ. ದೇಶದಲ್ಲಿ 2025ರಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ವಿದ್ಯುತ್ ಗಾಡಿ ನೂರಕ್ಕೆ ಹತ್ತನ್ನೂ ಮುಟ್ಟಿರಲಿಲ್ಲ. 2023ರ ಡಿಸೆಂಬರ್ 7ರಂದು ದಿಲ್ಲಿಯಿಂದ ಬಂದ ಒಂದು ಆದೇಶ ಕಬ್ಬಿನ ಹಾಲಿನ ಇಥೆನಾಲಿಗೆ ಮಾಡಿದಷ್ಟು ಹಾನಿಯನ್ನು ನಿಮ್ಮ ಅಂಗಳದ ಕಾರು ಮಾಡುವುದಿಲ್ಲ. ಇಥೆನಾಲಿನಲ್ಲಿ ಪೆಟ್ರೋಲಿಗಿಂತ ಮೂರನೆಯ ಒಂದು ಪಾಲು ಶಕ್ತಿ ಕಡಿಮೆ ಎಂಬುದನ್ನೂ ಹೇಳಬೇಕು; ಹಾಗಾಗಿಯೇ ನಾನು ಲೀಟರಿಗೆ 15 ಹಿಡಿದೆ. ಇನ್ನು ಕರೆಂಟು ಎಂದರೆ ಹೊಗೆಯೇ ಇಲ್ಲ ಎಂದೇನೂ ಅಲ್ಲ. ಫತಾಟೆವಾಡಿಯ ಚಿಮಣಿ ಕಲ್ಲಿದ್ದಲನ್ನೇ ಸುಡುತ್ತದೆ. ಸಕ್ಕರೆ ಕಾರಖಾನೆಗಳ ಸಹವಿದ್ಯುತ್ ಘಟಕಗಳು ಬಗಾಸಿನಿಂದ ಮಾಡಿದ ಕರೆಂಟೂ ಅದೇ ಗ್ರಿಡ್ಡಿಗೆ ಹೋಗುತ್ತದೆ, ಅದನ್ನೂ ಸೇರಿಸಿಕೊಳ್ಳಿರಿ.

ಕೊನೆಗೆ ಕಂತಿನ ಮಾತು. ಸಾಲದ ಕಂತು ತಿಂಗಳ ತಿಂಗಳ ಬರುತ್ತದೆ, ಕಬ್ಬಿನ ಹಣ ವರ್ಷಕ್ಕೊಮ್ಮೆ. 1966ರ ಕಬ್ಬು ನಿಯಂತ್ರಣ ಆದೇಶದಲ್ಲಿ ಹದಿನಾಲ್ಕು ದಿನದೊಳಗೆ ಹಣ ಕೊಡಬೇಕು, ತಡವಾದರೆ ನೂರಕ್ಕೆ 15ರ ಬಡ್ಡಿ ಎಂದಿದ್ದರೂ, ತಡವಾದ ವರ್ಷಗಳನ್ನು ನೀವೂ ಕಂಡಿದ್ದೀರಿ, ನಾವೂ ಕಂಡಿದ್ದೇವೆ. ಮನೆಯಲ್ಲಿ ತಿಂಗಳ ಪಗಾರ ಅಥವಾ ಹಾಲಿನ ಹಣ ಬರುತ್ತಿದ್ದರೆ ತಿಂಗಳ ಕಂತನ್ನು ಒಪ್ಪಿಕೊಳ್ಳಿರಿ. ಬರೀ ಕಬ್ಬಿನ ಮೇಲೆ ನಿಂತವರು ಆರು ತಿಂಗಳಿಗೊಮ್ಮೆ ಅಥವಾ ವರ್ಷಕ್ಕೊಮ್ಮೆ ಕಂತು ಇರುವ ಸಾಲ ಸಿಗುತ್ತದೆಯೇ ಎಂದು ಬ್ಯಾಂಕಿನಲ್ಲಿ ಮೊದಲು ಕೇಳಿರಿ. ಅಂಥ ಸಾಲಗಳು ಒಕ್ಕಲಿಗರಿಗೆ ಇವೆ. ದಿನಕ್ಕೆ ಇಪ್ಪತ್ತೆರಡರ ಕೆಳಗೆ ತಿರುಗುವವರು ಸದ್ಯಕ್ಕೆ ಆ ಎರಡು ಲಕ್ಷ ಇಪ್ಪತ್ತಮೂರು ಸಾವಿರದಲ್ಲಿ ಒಂದಿಷ್ಟನ್ನು ಹನಿ ನೀರಾವರಿಗೆ ಹಾಕುವುದು ಲೇಸೆಂದು ನನ್ನ ಅಭಿಪ್ರಾಯ. ಆದರೆ ಅದು ಕಬ್ಬಿನ ಅಧಿಕಾರಿಯ ಅಭಿಪ್ರಾಯ, ಮನೆಯವರ ಆಸೆ ನನಗೆ ಗೊತ್ತಿಲ್ಲ. ಕೊಳ್ಳಲೇಬೇಕೆಂದವರು ಒಂದು ತಿಂಗಳ ಕಿಲೋಮೀಟರಿನ ವಹಿ, ಹೋದ ಮೂರು ತಿಂಗಳ ಮನೆಯ ಕರೆಂಟಿನ ಬಿಲ್ಲು ಮತ್ತು ವಿತರಕರ ಲಿಖಿತ ದರಪತ್ರ ತೆಗೆದುಕೊಂಡು ಗಟ್ ಕಚೇರಿಗೆ ಬರಬಹುದು. ನಿಮ್ಮ ಅಂಕಿಗಳನ್ನೇ ಹಾಕಿ ಲೆಕ್ಕ ಮಾಡಿಕೊಡಲು ನಮ್ಮ ಕೃಷಿ ಸಹಾಯಕರಿಗೆ ಹೇಳಿದ್ದೇನೆ.